ಪುಸ್ತಕ ಮುಚ್ಚಿದ ಮೇಲಿನ ಓದು

ವಿದ್ಯಾರ್ಥಿ–ಪಾಲಕರ ಪುಟ

ಸೆಮಿಸ್ಟರ್ ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ. ಹುಡುಗ ಓದಲಿಲ್ಲವೆಂದಲ್ಲ, ರಾತ್ರಿ ಹನ್ನೆರಡರವರೆಗೆ ದೀಪ ಹಚ್ಚಿಕೊಂಡು ಕುಳಿತಿದ್ದ, ನೋಟ್ಸುಗಳನ್ನು ಮೂರು ಬಾರಿ ಓದಿ ಮುಗಿಸಿದ್ದ, ಹಾಳೆ ಹಾಳೆಗೂ ಹಳದಿ ಗೆರೆ ಎಳೆದಿದ್ದ, ಆದರೂ ಗಣಿತದಲ್ಲಿ ನಪಾಸಾದ. ಸೇಡಂ, ಚಿತ್ತಾಪುರಗಳ ಒಕ್ಕಲುತನದ ಮನೆಗಳಲ್ಲಿಯೂ ಇದೇ ಮಾತು, ವಾಡಿ, ಶಹಾಬಾದಗಳ ಕಾರ್ಮಿಕ ಬಡಾವಣೆಗಳಲ್ಲಿಯೂ ಇದೇ ಮಾತು, ಚಿಂಚೋಳಿಯ ಕಡೆಯ ಹಳ್ಳಿಗಳಲ್ಲಿಯೂ ಇದೇ ಮಾತು. ಕೇಳಿದವರು ಹಣೆಬರಹವೆನ್ನುತ್ತಾರೆ, ಇಲ್ಲವೆ ಹುಡುಗನಿಗೆ ಬುದ್ಧಿ ಸಾಲದೆನ್ನುತ್ತಾರೆ. ಎರಡೂ ನಿಜವಲ್ಲವೆಂಬುದೇ ಈ ತಿಂಗಳ ನಮ್ಮ ನಿವೇದನೆ. ಆತನ ಶ್ರಮ ಸುಳ್ಳಲ್ಲ. ಆದರೆ ಅದು ಪರೀಕ್ಷೆ ಕೇಳದ ದಿಕ್ಕಿನಲ್ಲಿ ವ್ಯಯವಾಗಿದೆ.

ಪರೀಕ್ಷೆ ಏನನ್ನು ಕೇಳುತ್ತದೆ? ಪುಸ್ತಕವಿಲ್ಲದೆ, ಗೆಳೆಯನಿಲ್ಲದೆ, ಖಾಲಿ ಹಾಳೆಯ ಮುಂದೆ ಕುಳಿತು ಮೂರು ಗಂಟೆಗಳಲ್ಲಿ ಬರೆದು ತೋರಿಸು ಎನ್ನುತ್ತದೆ. ನಮ್ಮ ಮಕ್ಕಳು ಸೆಮಿಸ್ಟರಿನುದ್ದಕ್ಕೂ ಮಾಡುವ ಅಭ್ಯಾಸವಾದರೋ ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸುವುದು. ಕಂಡದ್ದನ್ನು ಗುರುತಿಸುವುದು ಬೇರೆ, ಕಾಣದಾಗ ತಾನೇ ಹುಟ್ಟಿಸುವುದು ಬೇರೆ. ಜಾತ್ರೆಯಲ್ಲಿ ಎದುರಾದ ಬಂಧುವಿನ ಮುಖವನ್ನು ಯಾರೂ ಗುರುತಿಸುತ್ತಾರೆ. ಮನೆಗೆ ಬಂದ ಮೇಲೆ ಅದೇ ಮುಖವನ್ನು ಹಾಳೆಯ ಮೇಲೆ ಬಿಡಿಸಿರೆಂದರೆ ಎಷ್ಟು ಜನರಿಗೆ ಸಾಧ್ಯವಾದೀತು?

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ನಮ್ಮ ಈ ಐದು ಊರುಗಳಿಂದ ಇಂಜಿನಿಯರಿಂಗ್ ಅಥವಾ ಬಿ.ಎಸ್ಸಿ. ತರಗತಿಗೆ ಸೇರುವ ಮಕ್ಕಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಆ ಹೊಸ್ತಿಲನ್ನು ದಾಟಿದವರಲ್ಲಿ ಮೊದಲಿಗರು. ಮಳೆಯನ್ನೇ ನಂಬಿದ ತೊಗರಿ ಬೆಳೆಯ ಹಣದಿಂದಲೋ, ಕಲ್ಲಿನ ಗಣಿಯ ಕೂಲಿಯಿಂದಲೋ ಶುಲ್ಕ ಕಟ್ಟಲಾಗಿರುತ್ತದೆ. ಮೊದಲ ವರ್ಷದಲ್ಲಿ ಎರಡು ಮೂರು ವಿಷಯಗಳು ‘ಬ್ಯಾಕ್’ ಉಳಿದವೆಂದರೆ ಹುಡುಗನಿಗೆ ಮನೆಯಲ್ಲಿ ಮುಖ ತೋರಿಸುವುದೇ ಕಷ್ಟವಾಗುತ್ತದೆ. ಹುಡುಗಿಯಾದರೆ ಮಾತು ಇನ್ನೊಂದು ಕಡೆಗೆ ತಿರುಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ನಮ್ಮ ಭಾಗದಲ್ಲಿ ಉನ್ನತ ಶಿಕ್ಷಣವೆಂಬುದು ಸುಲಭವಾಗಿ ಬಂದುದಲ್ಲ. 1948ರವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಇಂಜಿನಿಯರಿಂಗನ್ನೂ ಉರ್ದು ಮಾಧ್ಯಮದಲ್ಲಿಯೇ ಕಲಿಸುತ್ತಿದ್ದರು. ಅದಕ್ಕಾಗಿ ಪಠ್ಯಗ್ರಂಥಗಳನ್ನು ಅನುವಾದಿಸುವ ಒಂದು ಇಲಾಖೆಯೇ ಇತ್ತು. ಮನೆಯಲ್ಲಿ ಕನ್ನಡವಾಡುತ್ತಿದ್ದ ನಮ್ಮ ಅಜ್ಜಂದಿರ ತಲೆಮಾರಿನ ವಿದ್ಯಾವಂತರು ಆ ಭಾಷೆಯ ಹೊಳೆಯನ್ನು ದಾಟಿಯೇ ಪದವೀಧರರಾದರು. 1956ರಲ್ಲಿ ಏಕೀಕರಣವಾಯಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಜನ್ಮ ತಾಳಿತು. ಅದೇ ವರ್ಷ ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪನವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದ ಮೇಲೆ ಪ್ರವೇಶದ ಬಾಗಿಲು ಇನ್ನಷ್ಟು ಅಗಲವಾಗಿದೆ. ಆದರೆ ಮೀಸಲಾತಿ ಬಾಗಿಲು ತೆರೆಯಬಲ್ಲದೇ ಹೊರತು ಉತ್ತರಪತ್ರಿಕೆಯನ್ನು ಬರೆಯಲಾರದು. ಒಳಗೆ ಹೋದ ಮಗು ಅಲ್ಲಿ ನಿಲ್ಲಬೇಕಾದರೆ ಓದುವ ಕ್ರಮವನ್ನೇ ಹೊಸದಾಗಿ ಕಲಿಯಬೇಕು.

ಈ ಕ್ರಮವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಸೇಡಂ ತಾಲೂಕಿನ ಮಳಖೇಡವನ್ನು ನೋಡಿರಿ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿ ಆ ದೊರೆಯನ್ನು ಸ್ತುತಿಸಿದ್ದಾನೆ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ವಿಧವಾಗಿ ಆಯಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನು ಈತ; ಪಿ.ಯು.ಸಿ. ಮಕ್ಕಳು ಇಂದಿಗೂ ಅದನ್ನು ಬಳಸುತ್ತಾರೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಈತನೇ. (ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದೂ ಆತ ಬರೆದಿದ್ದಾನೆ; ಅದು ತಪ್ಪು. ಲೆಕ್ಕ ತಪ್ಪಿತೆಂದು ಅಳುವ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬಹುದು.)

ನಮಗೆ ಇಲ್ಲಿ ಮುಖ್ಯವಾದುದು ಆ ಗ್ರಂಥದ ರಚನೆ. ಮೊದಲು ಸೂತ್ರ, ಅದು ಒಂದೆರಡು ಸಾಲು. ಅದರ ಬೆನ್ನಿಗೆ ಉದಾಹರಣೆಗಳು. ಉದಾಹರಣೆಗಳೆಂದರೆ ಬಿಡಿಸಿಟ್ಟ ಲೆಕ್ಕಗಳಲ್ಲ, ಬಿಡಿಸಬೇಕಾದ ಲೆಕ್ಕಗಳು. ಸೂತ್ರ ಚಿಕ್ಕದು, ಅಭ್ಯಾಸ ದೊಡ್ಡದು. ಇಂದು ಅಂಗಡಿಗಳಲ್ಲಿ ಸಿಗುವ ಗೈಡುಗಳಲ್ಲಿ ಇದು ತಲೆಕೆಳಗಾಗಿದೆ: ಲೆಕ್ಕದ ಕೆಳಗೇ ಉತ್ತರ, ಉತ್ತರದ ಕೆಳಗೇ ಮುಂದಿನ ಲೆಕ್ಕ. ಓದುಗನ ಕೈಗೆ ಮಾಡಲು ಕೆಲಸವೇ ಉಳಿದಿಲ್ಲ. ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದೆ ನಮ್ಮದೇ ಸೀಮೆಯ ದೊರೆಯ ಕಾಲದಲ್ಲಿ ರಚಿತವಾದ ಪಠ್ಯವು ಈ ಗೈಡುಗಳಿಗಿಂತ ವಿದ್ಯಾರ್ಥಿಗೆ ಹೆಚ್ಚು ಹಿತಕಾರಿಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಇದು ಅಭಿಮಾನದ ಮಾತಾಯಿತು. ಪ್ರಯೋಗದ ಆಧಾರವೇನೆಂದು ವಿಜ್ಞಾನದ ವಿದ್ಯಾರ್ಥಿ ಕೇಳಬೇಕು. ಆಧಾರವಿದೆ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಕಾಲ ಕಳೆದಂತೆ ಎಷ್ಟು ಮರೆಯುತ್ತದೆಂಬುದನ್ನು ಅಳೆದು ಪ್ರಕಟಿಸಿದನು. ಮೊದಲ ಒಂದು ಗಂಟೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತಿತ್ತು. ಒಂದು ದಿನದ ನಂತರ ಉಳಿಯುತ್ತಿದ್ದುದು ಸುಮಾರು ಮೂರನೆಯ ಒಂದು ಭಾಗ. ಆ ಬಳಿಕ ಮರೆವಿನ ವೇಗ ಬಹಳ ತಗ್ಗುತ್ತಿತ್ತು. ಅರ್ಥವುಳ್ಳ ಪಾಠ ಇಷ್ಟು ಬೇಗ ಮರೆಯದು, ನಿಜ. ಆದರೂ ಪಾಠವಾದ ದಿನವೇ ಮರೆವು ಕೆಲಸ ಶುರುಮಾಡುತ್ತದೆಂಬುದು ಗಮನಿಸಬೇಕಾದ ಸಂಗತಿ. ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಓದು ಪ್ರಾರಂಭಿಸುವವನು ನೆನಪಿಸಿಕೊಳ್ಳುತ್ತಿಲ್ಲ, ಹೊಸದಾಗಿಯೇ ಕಲಿಯುತ್ತಿದ್ದಾನೆ.

ಎರಡನೆಯದು ಇನ್ನೂ ಸ್ವಾರಸ್ಯವುಳ್ಳದ್ದು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಬರಿದೆ ಓದಿದವರೇ ಮುಂದಿದ್ದರು: ಶೇಕಡಾ 83ಕ್ಕೆ ಎದುರಾಗಿ ಬರೆದವರದು 71. ಆದರೆ ಒಂದು ವಾರ ಕಳೆದ ಮೇಲೆ ಚಿತ್ರ ತಿರುವುಮುರುವಾಯಿತು. ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ 61. ಇನ್ನೂ ಒಂದು ಮಾತು. ಮುಂದೆ ನಿಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಉತ್ತರಿಸಿದವರು ನಾಲ್ಕು ಸಲ ಓದಿದವರೇ. ನಮ್ಮ ಹುಡುಗ ಪರೀಕ್ಷೆಯ ಹಿಂದಿನ ರಾತ್ರಿ ‘ಎಲ್ಲಾ ಬರುತ್ತದೆ’ ಎಂದು ನಂಬಿಕೆಯಿಂದ ಮಲಗಿ, ಮರುದಿನ ಪ್ರಶ್ನೆಪತ್ರಿಕೆ ಕಂಡು ಬೆವರುವುದಕ್ಕೆ ಕಾರಣ ಇದರಲ್ಲಿಯೇ ಇದೆ.

ಹಾಗಾದರೆ ಪ್ರತಿದಿನ ಏನು ಮಾಡಬೇಕು? ತರಗತಿಯಲ್ಲಿ ನಡೆದ ಪಾಠವನ್ನು ಅದೇ ಸಂಜೆ ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿಗೆ ಬಂದಷ್ಟನ್ನು ಬರೆಯಬೇಕು. ಎಲ್ಲಿ ಕೈ ನಿಂತಿತೋ ಅಲ್ಲಿ ಪುಸ್ತಕ ತೆರೆಯಬೇಕು. ಮೂರನೆಯ ದಿನ ಮತ್ತೊಮ್ಮೆ, ಒಂದು ವಾರದ ನಂತರ ಮತ್ತೊಮ್ಮೆ, ತಿಂಗಳಿಗೆ ಇನ್ನೊಮ್ಮೆ. ಪ್ರತಿ ಬಾರಿಯೂ ಹೊತ್ತು ಕಡಿಮೆಯಾಗುತ್ತ ಹೋಗುತ್ತದೆ; ಇಪ್ಪತ್ತು ನಿಮಿಷ ಹಿಡಿದದ್ದು ಐದು ನಿಮಿಷಕ್ಕೆ ಇಳಿಯುತ್ತದೆ. ಈ ಕೆಲಸ ಬೇಸರದ್ದು, ಮೊದಮೊದಲು ಅವಮಾನದ್ದೂ ಹೌದು, ಏಕೆಂದರೆ ತನಗೆ ಬಾರದ್ದು ತನಗೇ ಕಾಣುತ್ತದೆ. ಹಳದಿ ಗೆರೆ ಎಳೆಯುವುದರಲ್ಲಿ ಆ ನೋವಿಲ್ಲ, ಅದಕ್ಕೇ ಅದು ಎಲ್ಲರಿಗೂ ಪ್ರಿಯ. ಓದಿನ ಹತ್ತು ವಿಧಾನಗಳನ್ನು ತೂಗಿನೋಡಿ 2013ರಲ್ಲಿ ಅಮೆರಿಕದ ಡನ್‌ಲೋಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯಲ್ಲಿ ಮೇಲಿನ ದರ್ಜೆ ಸಿಕ್ಕದ್ದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೆ ಮತ್ತು ಅಭ್ಯಾಸವನ್ನು ದಿನಗಳ ಮೇಲೆ ಹರಡಿಕೊಳ್ಳುವುದಕ್ಕೆ. ಗೆರೆ ಎಳೆಯುವುದು, ಮರಳಿ ಮರಳಿ ಓದುವುದು ಕೆಳಗಿನ ದರ್ಜೆಗೆ ಬಿದ್ದವು.

ಲೆಕ್ಕಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಒಂದೇ ಕೂರಿಕೆಯಲ್ಲಿ ಮಾಡಿದರೆ ಹತ್ತನೆಯದಕ್ಕೆ ಕೈ ತಾನಾಗಿ ಓಡುತ್ತದೆ, ಬುದ್ಧಿ ಮಲಗಿರುತ್ತದೆ. ರೋಹ್ರರ್ ಮತ್ತು ಟೇಲರ್ ಎಂಬವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕೊಡಲಾಯಿತು. ಬಗೆಬಗೆಯಾಗಿ ವಿಂಗಡಿಸಿ ಮಾಡಿದವರು ಅಭ್ಯಾಸದ ವೇಳೆಯಲ್ಲಿ ಶೇಕಡಾ 89ರಷ್ಟು ಸರಿ ಉತ್ತರ ಕೊಟ್ಟರು. ಬೆರೆಸಿ ಮಾಡಿದವರು ತಡವರಿಸಿ 60ಕ್ಕೆ ನಿಂತರು. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇಕಡಾ 20ಕ್ಕೆ ಕುಸಿದರು, ಬೆರೆಸಿ ಮಾಡಿದವರು 63ರಲ್ಲಿ ಉಳಿದರು. ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕದ ನೆತ್ತಿಯ ಮೇಲೆ ‘ಇದಕ್ಕೆ ಲಾಪ್ಲಾಸ್ ಪರಿವರ್ತನೆ ಬಳಸು’ ಎಂದು ಯಾವಾಗಲೂ ಬರೆದಿರುವುದಿಲ್ಲ. ಯಾವ ಬೀಗಕ್ಕೆ ಯಾವ ಕೀಲಿ ಎಂದು ಗುರುತಿಸುವುದೇ ಅರ್ಧ ವಿದ್ಯೆ. ಆದ್ದರಿಂದ ಹೊಸ ಬಗೆಯ ನಾಲ್ಕೈದು ಲೆಕ್ಕ ಮಾಡಿದ ಮೇಲೆ ಹಿಂದಿನ ಅಧ್ಯಾಯಗಳಿಂದ ಮೂರನ್ನು ಹೆಕ್ಕಿ ಬೆರೆಸಿಕೊಳ್ಳಿರಿ.

ಬಿಡಿಸಿದ ಲೆಕ್ಕಗಳನ್ನು ನೋಡಲೇಬಾರದೆಂದು ಇದರ ಅರ್ಥವಲ್ಲ. ಹೊಸ ಅಧ್ಯಾಯ ಪ್ರಾರಂಭಿಸುವಾಗ ಎರಡು ಮೂರು ಬಿಡಿಸಿದ ಲೆಕ್ಕಗಳನ್ನು ನಿಧಾನವಾಗಿ, ಪ್ರತಿ ಹೆಜ್ಜೆಗೂ ‘ಇದೇಕೆ?’ ಎಂದು ಕೇಳಿಕೊಳ್ಳುತ್ತ ನೋಡುವುದು ಅಗತ್ಯವೇ. ನಾಲ್ಕನೆಯದಕ್ಕೂ ಉತ್ತರದ ಕಡೆಗೆ ಕಣ್ಣು ಹೋಗುವುದಾದರೆ ಅದು ಓದಲ್ಲ, ಚಟ.

‘ಇದೇಕೆ?’ ಎಂದು ಕೇಳಿಕೊಳ್ಳಲು ನಮ್ಮ ಮಕ್ಕಳಿಗಿರುವಷ್ಟು ಅನುಕೂಲ ದೊಡ್ಡ ನಗರಗಳ ಮಕ್ಕಳಿಗೂ ಇಲ್ಲವೆಂದರೆ ಆಶ್ಚರ್ಯವಾಗಬಹುದು. ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುವ ಮನೆಯ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಕಣ್ಣೆದುರಿಗಿದೆ. ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕದ ಮೂರು ಪರಮಾಣುಗಳು 48, ಒಟ್ಟು 100. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಒಡೆದು 56 ಭಾಗ ಸುಣ್ಣವಾಗಿ, 44 ಭಾಗ ಇಂಗಾಲದ ಡೈಆಕ್ಸೈಡಾಗಿ ಬೇರ್ಪಡುತ್ತದೆ. ಶುದ್ಧ ಸುಣ್ಣಕಲ್ಲು 100 ಟನ್ ಗೂಡಿಗೆ ಹೋದರೆ ಕಲ್ಲಿನಿಂದಲೇ 44 ಟನ್ ಅನಿಲವಾಗಿ ಹೊರಬೀಳುತ್ತದೆ. ಉರಿಸಿದ ಕಲ್ಲಿದ್ದಲಿನ ಲೆಕ್ಕ ಬೇರೆ. ಗೂಡಿನ ಒಳಗೆ ಮುಂದೆ ಸುಮಾರು 1450 ಡಿಗ್ರಿಯವರೆಗೆ ಏಕೆ ಕಾಯಿಸಬೇಕು? ಸುಣ್ಣವು ಜೇಡಿಯಲ್ಲಿರುವ ಸಿಲಿಕಾದೊಂದಿಗೆ ಕೂಡಿ ಕ್ಲಿಂಕರ್ ಆಗಲು. ಇಷ್ಟನ್ನು ಪುಸ್ತಕ ನೋಡದೆ ತಮ್ಮನಿಗೆ ಹೇಳಬಲ್ಲ ವಿದ್ಯಾರ್ಥಿ ಆ ಪಾಠವನ್ನು ಕಲಿತಂತೆಯೇ.

ಚಿಂಚೋಳಿಯ ವಿದ್ಯಾರ್ಥಿಗೆ ಚಂದ್ರಂಪಳ್ಳಿಯ ಜಲಾಶಯವಿದೆ. ಕಟ್ಟೆಯ ಬುಡ ದಪ್ಪ, ನೆತ್ತಿ ತೆಳು ಏಕೆ? ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಏರುವುದರಿಂದ. ಆಳ ಎರಡು ಪಟ್ಟಾದರೆ ಕಟ್ಟೆಯ ಪ್ರತಿ ಮೀಟರ್ ಉದ್ದದ ಮೇಲೆ ಬೀಳುವ ಒಟ್ಟು ಬಲ ಎಷ್ಟು ಪಟ್ಟು? ‘ಎರಡು’ ಎಂದು ಬಾಯಿಗೆ ಬರುತ್ತದೆ. ಸರಿಯಾದ ಉತ್ತರ ನಾಲ್ಕು. ಏಕೆಂಬುದನ್ನು ಚಿತ್ರ ಬರೆದು ತಾವೇ ಸಾಧಿಸಲು ನಮ್ಮ ವಿದ್ಯಾರ್ಥಿಗಳಿಗೆ ಬಿಟ್ಟಿದ್ದೇವೆ.

ಇನ್ನು ಭಾಷೆಯ ತೊಡಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಕೂಡಲೇ ಇಂಗ್ಲಿಷಿನ ಗೋಡೆಗೆ ಮುಖಾಮುಖಿಯಾಗುತ್ತದೆ; ಆ ಗೋಡೆ ಪದವಿಯವರೆಗೂ ಉದ್ದಕ್ಕೆ ಬರುತ್ತದೆ. ಭಯಗೊಂಡ ಮಗು ಅರ್ಥವಾಗದ ವಾಕ್ಯಗಳನ್ನು ಹಾಗೆಹಾಗೆಯೇ ಉರು ಹೊಡೆಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬುದ್ಧಿವಂತ ಮಕ್ಕಳು ಸೋಲುವುದು ಬಹುತೇಕ ಇಲ್ಲಿಯೇ. ತಿಳಿಯುವುದು ಕನ್ನಡದಲ್ಲಿ ಆಗಲಿ, ಬರೆಯುವುದು ಇಂಗ್ಲಿಷಿನಲ್ಲಿ ಆಗಲಿ. ಎರಡನ್ನೂ ಒಂದೇ ಹೊತ್ತಿಗೆ ಮಾಡಲು ಹೋಗಬಾರದು. ಮೊದಲು ಆ ತತ್ತ್ವವನ್ನು ಮನೆಯ ಮಾತಿನಲ್ಲಿ ತನಗೆ ತಾನೇ ವಿವರಿಸಿಕೊಳ್ಳಬೇಕು. ಬಳಿಕ ಆ ಅಧ್ಯಾಯದ ಇಪ್ಪತ್ತು ಮೂವತ್ತು ಪಾರಿಭಾಷಿಕ ಪದಗಳನ್ನು ಒಂದು ಚಿಕ್ಕ ವಹಿಯಲ್ಲಿ ಇಂಗ್ಲಿಷ್ ಮತ್ತು ಕನ್ನಡಗಳಲ್ಲಿ ಎದುರುಬದುರಾಗಿ ಬರೆದುಕೊಳ್ಳಬೇಕು. ಕೊನೆಗೆ ಉತ್ತರವನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ರೂಢಿ ಮಾಡಬೇಕು. ಮೌಲ್ಯಮಾಪಕರು ಹುಡುಕುವುದು ಸ್ಪಷ್ಟವಾದ ಚಿತ್ರ, ಸರಿಯಾದ ಏಕಮಾನ, ಕ್ರಮವಾದ ಹೆಜ್ಜೆಗಳು, ಷೇಕ್ಸ್‌ಪಿಯರನ ಶೈಲಿಯನ್ನಲ್ಲ. ಉರ್ದುವಿನಲ್ಲಿ ಇಂಜಿನಿಯರಿಂಗ್ ಕಲಿತ ಹಿರಿಯರ ನಾಡಿನಲ್ಲಿ ಪರಭಾಷೆಗೆ ಅಂಜುವ ಕಾರಣವಿಲ್ಲ.

ತಾಂತ್ರಿಕ ವಿಶ್ವವಿದ್ಯಾಲಯದ ಹೆಚ್ಚಿನ ವಿಷಯಗಳ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲುಗಳಿದ್ದು, ಪ್ರತಿಯೊಂದರಲ್ಲಿಯೂ ಎರಡು ಪೂರ್ಣ ಪ್ರಶ್ನೆಗಳ ಪೈಕಿ ಒಂದನ್ನು ಉತ್ತರಿಸಬೇಕು. ಐದು ಉತ್ತರ, ನೂರು ಅಂಕ, ಮೂರು ಗಂಟೆ. ಅಂದರೆ ಒಂದು ಪೂರ್ಣ ಪ್ರಶ್ನೆಗೆ 36 ನಿಮಿಷ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ‘ಮೂರು ಮಾಡ್ಯೂಲ್ ಓದಿದರೆ ಪಾಸು’ ಎಂಬ ಹಾಸ್ಟೆಲಿನ ಲೆಕ್ಕಾಚಾರ ಅಪಾಯಕಾರಿ, ಏಕೆಂದರೆ ಬಿಟ್ಟ ಮಾಡ್ಯೂಲಿನ ಬದಲಿಗೆ ಬೇರೆಯದರಿಂದ ಎರಡು ಬರೆದು ಸರಿದೂಗಿಸಲು ಬರುವುದಿಲ್ಲ. ಓದಿದ ಮೂರರಲ್ಲಿ ಒಂದು ಕೈಕೊಟ್ಟರೆ ದಡ ಸೇರುವುದೇ ಕಷ್ಟ. ಎರಡನೆಯದಾಗಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ ನೋಡಿದರೆ ಸಾಲದು; ಗಡಿಯಾರವನ್ನು ಎದುರಿಗಿಟ್ಟುಕೊಂಡು 36 ನಿಮಿಷದಲ್ಲಿ ಒಂದು ಪ್ರಶ್ನೆ ಬರೆದು ಮುಗಿಸುವ ಅಭ್ಯಾಸ ಬೇಕು. ಮೊದಲ ಸಲ ಐವತ್ತು ನಿಮಿಷ ಹಿಡಿಯುತ್ತದೆ. ತಪ್ಪಿದ ಲೆಕ್ಕಗಳಿಗಾಗಿ ಬೇರೆಯೇ ಒಂದು ವಹಿ ಇರಲಿ: ತತ್ತ್ವ ತಿಳಿಯದೆ ತಪ್ಪಿತೋ, ಬೀಜಗಣಿತದಲ್ಲಿ ಚಿಹ್ನೆ ಬದಲಾಯಿತೋ, ಏಕಮಾನ ಮರೆತುಹೋಯಿತೋ ಎಂದು ಒಂದು ಸಾಲು ಬರೆದಿಟ್ಟರೆ ಸಾಕು. ತಿಂಗಳೊಪ್ಪತ್ತಿನಲ್ಲಿ ತನ್ನ ರೋಗ ಯಾವುದೆಂದು ವಿದ್ಯಾರ್ಥಿಗೇ ತಿಳಿಯುತ್ತದೆ.

ದಿನವೂ ಊರಿನಿಂದ ಕಲಬುರಗಿಗೆ ಓಡಾಡುವ ಮಕ್ಕಳು ಹೊತ್ತೇ ಸಾಲದೆಂದು ಕೊರಗುತ್ತಾರೆ. ಸಿಕಂದರಾಬಾದಿನಿಂದ ಸೇಡಂ, ಚಿತ್ತಾಪುರಗಳ ಮೇಲಿನಿಂದ ವಾಡಿಗೆ 1874ರಲ್ಲಿ ಬಂದು ಕೂಡಿದ ರೈಲುಮಾರ್ಗವು ಇಂದು ಈ ಮಕ್ಕಳ ಪಾಲಿಗೆ ಅರ್ಧ ಕಾಲೇಜಾಗಿದೆ. ಶಹಾಬಾದಿನವರು ಮುಂದಿನ ನಿಲ್ದಾಣದಲ್ಲಿ ಹತ್ತುತ್ತಾರೆ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ನೂಕುನುಗ್ಗಲಿನಲ್ಲಿ ಪುಸ್ತಕ ತೆರೆಯಲಾಗದು. ಆದರೆ ನೆನಪಿಸಿಕೊಳ್ಳಲು ಪುಸ್ತಕ ಬೇಕಿಲ್ಲವಲ್ಲ! ನಿನ್ನೆಯ ಪಾಠದ ಐದು ಅಂಶಗಳು ಯಾವುವು, ಆ ಸೂತ್ರ ಯಾವ ಊಹೆಯ ಮೇಲೆ ನಿಂತಿದೆ ಎಂದು ನಿಂತಲ್ಲಿಯೇ ಮನದಲ್ಲಿ ತಿರುವಿಹಾಕಬಹುದು. ಜೊತೆಗಾರನಿದ್ದರೆ ಒಬ್ಬರನ್ನೊಬ್ಬರು ಕೇಳಬಹುದು. ಮೊಬೈಲಿನಲ್ಲಿ ಉಪನ್ಯಾಸದ ವಿಡಿಯೋ ನೋಡುವುದು ಒಳ್ಳೆಯದೇ. ಆದರೆ ಅದೂ ಕಣ್ಣಿನ ಓದೇ ಎಂಬುದನ್ನು ಮರೆಯಬಾರದು. ನಿಲ್ಲಿಸಿ, ಮುಂದಿನ ಹೆಜ್ಜೆಯನ್ನು ತಾನೇ ಬರೆದು, ಆಮೇಲೆ ಮುಂದುವರಿಸಿದರೆ ಫಲವುಂಟು. ರಾತ್ರಿಯಿಡೀ ಜಾಗರಣೆ ಮಾಡುವುದನ್ನು ಮಾತ್ರ ಬಿಡಲೇಬೇಕು; ಕಲಿತದ್ದು ನೆಲೆಗೊಳ್ಳುವುದು ನಿದ್ರೆಯಲ್ಲಿಯೇ. ನಮ್ಮ ಸೀಮೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಕಲ್ಲುಚಾವಣಿಯ ಕೆಳಗೆ ಓದು ಸಾಗದು. ಮುಂಜಾನೆಯ ಪೂಜೆಗೆ ಹಿರಿಯರು ಏಳುವ ಮನೆಗಳಲ್ಲಿ ಮಕ್ಕಳೂ ಅದೇ ಹೊತ್ತಿಗೆ ಎದ್ದು ಕಠಿಣ ವಿಷಯವನ್ನು ತಂಪಿನಲ್ಲಿ ಮುಗಿಸಿಕೊಳ್ಳಬಹುದು.

ಈಗ ಪಾಲಕರಿಗೆ ಎರಡು ಮಾತು. ಮಗು ಪುಸ್ತಕ ಹಿಡಿದಿದ್ದರೆ ಓದುತ್ತಿದೆ, ಮುಚ್ಚಿದ್ದರೆ ಸೋಮಾರಿ ಎಂಬುದು ನಮ್ಮ ಮನೆಗಳ ಅಳತೆಗೋಲು. ‘ಪುಸ್ತಕ ಮುಚ್ಚಿ ಗ್ವಾಡಿ ನೋಡ್ಕೋತ ಕುಂತೀಯಲ್ಲ ತಮ್ಮಾ’ ಎಂದು ತಾಯಿ ಗದರಿಸುವ ಹೊತ್ತಿನಲ್ಲಿಯೇ ಆ ಹುಡುಗನ ನಿಜವಾದ ಓದು ನಡೆದಿರಬಹುದು. ಎಷ್ಟು ತಾಸು ಓದಿದೆ ಎಂದು ಕೇಳುವುದಕ್ಕಿಂತ, ಇವತ್ತು ನೋಡದೆ ಏನು ಬರೆದೆ, ತೋರಿಸು ಎಂದು ಕೇಳಿರಿ. ಅಕ್ಷರ ಬಾರದ ತಾಯಿಯೂ ಇದನ್ನು ಕೇಳಬಲ್ಲಳು. ಮಗಳು ತನಗೆ ತಿಳಿಯುವಂತೆ ಹೇಳಲು ತಡವರಿಸಿದರೆ ಪಾಠ ಇನ್ನೂ ಹಣ್ಣಾಗಿಲ್ಲವೆಂದು ಅವಳಿಗೆ ಗೊತ್ತಾಗುತ್ತದೆ.

ಇನ್ನೊಂದು ತೊಗರಿಯ ವಿಷಯ. ನಮ್ಮಲ್ಲಿ ತೊಗರಿ ಕೊಯ್ದು ರಾಶಿ ಮಾಡುವ ಡಿಸೆಂಬರ್, ಜನವರಿಯ ದಿನಗಳೂ ಸೆಮಿಸ್ಟರ್ ಪರೀಕ್ಷೆಗಳೂ ಅನೇಕ ವರ್ಷ ಒಟ್ಟೊಟ್ಟಿಗೇ ಬರುತ್ತವೆ. ಆಳು ಸಿಗದಾಗ ಮಗನನ್ನು ಕರೆಸುವುದು ಒಕ್ಕಲಿಗನ ಅನಿವಾರ್ಯ, ಅದನ್ನು ತಪ್ಪೆನ್ನಲಾರೆವು. ಆದರೆ ಸೆಮಿಸ್ಟರಿನ ಮೊದಲ ವಾರದಿಂದಲೇ ಹರಡಿ ಓದಿದ ಹುಡುಗ ನಾಲ್ಕು ದಿನ ಹೊಲಕ್ಕೆ ಹೋಗಿ ಬಂದರೂ ಕೆಡುವುದಿಲ್ಲ. ಕೊನೆಯ ಹದಿನೈದು ದಿನಗಳನ್ನೇ ನಂಬಿದವನಿಗೆ ಆ ನಾಲ್ಕು ದಿನಗಳೇ ಸೆಮಿಸ್ಟರನ್ನು ನುಂಗುತ್ತವೆ.

ಹೆಣ್ಣುಮಕ್ಕಳ ಮಾತಿಗೆ ಬರೋಣ. ಗಂಡುಮಗ ಒಂದು ವಿಷಯದಲ್ಲಿ ನಪಾಸಾದರೆ ‘ಮತ್ತೆ ಕಟ್ಟು’ ಎನ್ನುವ ಮನೆ, ಹೆಣ್ಣುಮಗಳು ನಪಾಸಾದರೆ ‘ಓದಿದ್ದು ಸಾಕು’ ಎನ್ನುತ್ತದೆ. ಅದರ ಬೆನ್ನಿಗೇ ಸಂಬಂಧ ನೋಡುವುದು ಶುರುವಾಗುತ್ತದೆ. ಇದು ಅನ್ಯಾಯವೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಮನೆಗೆಲಸದ ನಡುವೆ ಬಿಡುವು ಹೆಕ್ಕಿಕೊಂಡು ಓದಿದ ಆ ಹುಡುಗಿ ಕಳೆದುಕೊಂಡದ್ದು ಒಂದು ಪತ್ರಿಕೆಯನ್ನು ಮಾತ್ರ. ಸಂಜೆಯ ಒಂದು ತಾಸು ರೊಟ್ಟಿ ಬಡಿಯುವ ಕೆಲಸದಿಂದ ಅವಳನ್ನು ಬಿಡಿಸಿ, ಮುಂದಿನ ಅವಕಾಶದಲ್ಲಿ ಆ ಪತ್ರಿಕೆಯನ್ನು ಬರೆಸಿರಿ. ಶರಣಬಸವೇಶ್ವರರ ದಾಸೋಹದ ಹೆಸರು ಹೇಳುವ ನಾಡಿನಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಓದುವ ಹೆಣ್ಣುಮಗಳಿಗೆ ಒಂದು ಶಾಂತವಾದ ಮೂಲೆ, ಒಂದು ಮೇಜು, ಒಂದು ದೀಪ ಕೊಡುವುದನ್ನೂ ನಮ್ಮ ಸಮಾಜದ ವಸತಿ ನಿಲಯಗಳು ದಾಸೋಹವೆಂದೇ ಎಣಿಸಬೇಕು. ಮನೆ ಇಕ್ಕಟ್ಟಾಗಿರುವವರು ತಾಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯವನ್ನೋ, ಅರಿವು ಕೇಂದ್ರಗಳೆಂದು ಹೆಸರು ಪಡೆದಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನೋ ಬಳಸಿಕೊಳ್ಳಬಹುದು.

ನಪಾಸಾದವರು ತಕ್ಷಣ ಮಾಡಬೇಕಾದ ಕೆಲಸವೊಂದಿದೆ. ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟಿದರೆ ಉತ್ತರಪತ್ರಿಕೆಯ ನಕಲು ದೊರೆಯುತ್ತದೆ. ಅನುಮಾನವಿದ್ದರೆ ಮರುಮೌಲ್ಯಮಾಪನಕ್ಕೂ ಅವಕಾಶವಿದೆ. ಕೊನೆಯ ದಿನಾಂಕ ಬೇಗನೆ ಮುಗಿಯುವುದರಿಂದ ಫಲಿತಾಂಶ ಬಂದ ದಿನವೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿರಿ. ನಕಲು ಕೈಗೆ ಬಂದ ಮೇಲೆ ಅಂಕಗಳನ್ನು ಕೂಡಿ ನೋಡಿ, ಯಾವ ಪ್ರಶ್ನೆಯ ಯಾವ ಹೆಜ್ಜೆಯಲ್ಲಿ ಅಂಕ ಹೋಯಿತೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿರಿ. ಆ ಪ್ರಶ್ನೆಗಳಿಂದಲೇ, ಖಾಲಿ ಹಾಳೆಯ ಮೇಲೆ, ಹೊಸ ಸೆಮಿಸ್ಟರಿನ ಓದು ಪ್ರಾರಂಭವಾಗಲಿ.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷದ ಇಂಜಿನಿಯರಿಂಗಿಗೆ ಸೇರುವ ಮಕ್ಕಳಿಗೆ ಗಣಿತದಲ್ಲಿ ಎದುರಾಗುವ ತೊಂದರೆಗಳು ಬೇರೆಯೇ ಬಗೆಯವು. ಅವನ್ನು ಬರುವ ಸಂಚಿಕೆಯಲ್ಲಿ ನೋಡೋಣ.